ನಾಲ್ಕು ಗಂಟೆಯವರೆಗೆ ಕನ್ನಡ

ಅಲ್ ಹೈಲ್, ಮಸ್ಕತ್
ಗುರುವಾರ, 20 ಫೆಬ್ರವರಿ 2025

ಪ್ರೀತಿಯ ನೀಲಕ್ಕನಿಗೆ ತಂಗಿ ಶುಭಾಳ ಶರಣು.

ನಾವೆಲ್ಲ ಕ್ಷೇಮ. ನಿನ್ನ ಸಿಟ್ಟೂ ಕ್ಷೇಮವಾಗಿಯೇ ಇರಬೇಕು. ಸಂಕ್ರಾಂತಿಯ ದಿನ ನೀನು ಫೋನ್ ಮಾಡಿದಾಗ ಇವರು ಪಕ್ಕದಲ್ಲೇ ಇದ್ದರು, ನಾನು ‘ಹೂಂ, ಹಾಂ’ ಎಂದು ಇಟ್ಟುಬಿಟ್ಟೆ. ಮಸ್ಕತ್ತಿಗೆ ಹೋಗಿ ತಂಗಿಗೆ ಸೊಕ್ಕು ಬಂದಿದೆ ಎಂದು ಮಾವನವರ ಮುಂದೆ ಆಡಿಕೊಂಡಿರುತ್ತೀ, ನನಗೆ ಗೊತ್ತು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮಿಸು. ಮಬೇಲಾದಲ್ಲಿರುವ ಪೂವಪ್ಪನವರು ನಾಳೆ ರಜೆಗೆ ಊರಿಗೆ ಹೊರಟಿದ್ದಾರೆ, ಬೆಂಗಳೂರಿನಲ್ಲಿ ಇಳಿದು ಇದನ್ನು ಅಂಚೆಗೆ ಹಾಕುತ್ತಾರೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ಮಗಳು ಸಿಂಚನಾಳ ಕಿವಿಗೆ ಕನ್ನಡ ಬೀಳಕೂಡದು.

ಗುಳೇದಗುಡ್ಡದ ನಿನ್ನ ಅಂಗಳದಲ್ಲಿ ಆ ಹುಡುಗಿ ಹೇಗೆ ಮಾತಾಡುತ್ತಿದ್ದಳು ನೆನಪಿದೆಯಲ್ಲ? ಬಾಯಿಗೆ ಬೀಗ ಹಾಕಬೇಕು ಎಂದು ನೀನೇ ಗದರುತ್ತಿದ್ದೆ. ಬೀಗ ಇಲ್ಲಿ ಬಿತ್ತು. ನಾಲ್ಕು ವರ್ಷದ ಅವಳನ್ನು ಕರೆದುಕೊಂಡು ನಾನು ಇಲ್ಲಿಗೆ ಬಂದ ವಾರದಲ್ಲೇ ಇವರು ನಿಯಮ ಮಾಡಿದರು. ಆಫೀಸಿನ ರಾಬರ್ಟ್ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲವಂತೆ, ಮಕ್ಕಳು ಕ್ಲಾಸಿಗೇ ಮುಂದಂತೆ. “ನಾವೂ ಹಂಗ ಮಾಡೋಣು. ಮೀಟಿಂಗ್‌ನಾಗ ಎಲ್ಲಾ ಗೊತ್ತಿದ್ದೂ ಬಾಯಿ ತಗಿಯಾಕ ಆಗದ ಕೂಡತೀನಲ್ಲ, ನನ್ನಂಗ ಆಗಬಾರದು ಆಕಿ,” ಎಂದರು. ಆ ಮಾತು ಕೇಳಿ ನನಗೂ ಹೌದೆನಿಸಿತು. ಒಪ್ಪಿದೆ. ಅಂದಿನಿಂದ ಊರಿಗೆ ಫೋನ್ ಮಾಡಬೇಕಾದರೂ ಇವರು ಕೆಳಗಿಳಿದು ಕಾರಿನಲ್ಲಿ ಕೂತು ಮಾತಾಡುತ್ತಾರೆ.

ಆದರೆ ರಾಬರ್ಟನ ಮನೆಯಲ್ಲಿ ಇಂಗ್ಲಿಷಿನಲ್ಲಿ ನಗುತ್ತಾರೆ, ಜಗಳ ಆಡುತ್ತಾರೆ, ಅಜ್ಜಿ ಕಥೆ ಹೇಳುತ್ತಾಳೆ. ನಮಗೆ ಬರುವ ಇಂಗ್ಲಿಷ್ ಎಷ್ಟು? ಕಮ್, ಸಿಟ್, ಈಟ್, ಫಿನಿಶ್, ಡೋಂಟ್. ಹೇಳಬೇಕಾದದ್ದು ಗಂಟಲಲ್ಲಿದ್ದರೂ ಹೇಳಲು ಬಾರದೆ ನಾನು ಸುಮ್ಮನಾದೆ, ನನ್ನನ್ನು ನೋಡಿ ಅವಳೂ ಸುಮ್ಮನಾದಳು. ಬೇಕಾದದ್ದಕ್ಕೆಲ್ಲ ಬೆರಳು ತೋರಿಸಿ ‘ದಿಸ್ ಒನ್’ ಎನ್ನುವಳು. ಇವರು ಅದನ್ನೇ ಶಿಸ್ತು ಎಂದುಕೊಂಡರು.

ನವೆಂಬರಿನಲ್ಲಿ ಶಹನಾಝ್ ಟೀಚರ್ ನನ್ನನ್ನು ಕರೆಸಿದರು. ಉಡುಪಿ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ನನ್ನೆದುರೇ ಸಿಂಚನಾಳಿಂದ ಪುಟ್ಟ ಕಥೆಯೊಂದನ್ನು ಓದಿಸಿದರು. ಮೀನಾ ಎಂಬ ಹುಡುಗಿ, ಅವಳ ಕಳೆದುಹೋದ ಆಡು. ಒಂದು ತಪ್ಪಿಲ್ಲದೆ ಗಡಗಡ ಓದಿದಳು. ನಾನು ಹಿಗ್ಗಿದೆ. ಟೀಚರ್, “ಮೀನಾ ಯಾಕೆ ಅಳುತ್ತಾಳೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವಳು ಪುಟ ನೋಡಿದಳು, ನನ್ನ ಮುಖ ನೋಡಿದಳು, “ಮೀನಾ ಈಸ್ ಎ ಗರ್ಲ್,” ಎಂದಳು.

“ಅಕ್ಷರ ಉಂಟು, ಅರ್ಥ ಇಲ್ಲ,” ಎಂದರು ಟೀಚರ್. “ಮನೆಯಲ್ಲಿ ಇವಳ ಹತ್ರ ನೀವು ಮಾತಾಡುವುದುಂಟಾ? ಯಾಕೆ, ಹೇಗೆ, ಮುಂದೆ ಏನಾಯ್ತು ಅಂತ ಕೇಳುವುದುಂಟಾ? ಯಾವ ಭಾಷೆಯಾದ್ರೂ ಅಡ್ಡಿಲ್ಲ. ಒಂದರಲ್ಲಿ ಗಟ್ಟಿಯಾದ್ರೆ ಇನ್ನೊಂದಕ್ಕೆ ತಾನಾಗಿ ಬರ್ತದೆ.” ಫೆಬ್ರವರಿಯಲ್ಲಿ ಪರೀಕ್ಷೆ, ಅದರಲ್ಲಿ ಅರ್ಥ ಹೇಳಲಾಗದಿದ್ದರೆ ಒಂದನೆಯ ಕ್ಲಾಸ್ ಇಲ್ಲ, ಇನ್ನೊಂದು ವರ್ಷ ಕೆ.ಜಿ. ಎಂದೂ ಹೇಳಿದರು.

ಅವಳು ಮಲಗಿದ ಮೇಲೆ ಇವರಿಗೆ ಹೇಳಿ ನೋಡಿದೆ. “ಎರಡೆರಡು ಭಾಷಾ ಕಲಸಿದ್ರ ತಲಿ ಕೆಡತೈತಿ. ಖಲಾಸ್,” ಎಂದು ಎದ್ದುಹೋದರು. ಖಲಾಸ್ ಎಂದರೆ ಇಲ್ಲಿ ಮಾತು ಮುಗಿಯಿತು ಎಂದು.

ನಾನು ಮುಗಿಸಲಿಲ್ಲ ಅಕ್ಕ. ಸ್ಕೂಲ್ ವ್ಯಾನ್ ಬಂದ ಹೊತ್ತಿನಿಂದ ನಾಲ್ಕು ಗಂಟೆಗೆ ಇವರು ಬರುವವರೆಗೆ ನಮ್ಮ ಮನೆಯಲ್ಲಿ ಕನ್ನಡ. ಜೋಳದ ಹಿಟ್ಟಿನ ಮುಂದೆ ಕೂರಿಸಿಕೊಂಡು ನಾದುವುದು, ತಟ್ಟುವುದು, ಬೇಯಿಸುವುದು, ಸೀಯುವುದು ಎಲ್ಲ ಮಾಡಿ ತೋರಿಸಿ ಹೇಳಿಸಿದೆ. ಸೀಯುವುದನ್ನು ತೋರಿಸಲು ನನಗೆ ಹೆಚ್ಚು ಶ್ರಮವಾಗಲಿಲ್ಲ, ನಗಬೇಡ. ಅವಳ ಇಂಗ್ಲಿಷ್ ಪುಸ್ತಕದ ಚಿತ್ರಗಳನ್ನೇ ಇಟ್ಟುಕೊಂಡು ಕನ್ನಡದಲ್ಲಿ ಕಥೆ ಹೇಳಿ, ಪುಟ ತಿರುವುವ ಮೊದಲು ತಡೆದು “ಮುಂದ ಏನಾಗತೈತಿ?” ಎನ್ನುವೆ. ಮೊದಮೊದಲು ಚಿತ್ರಕ್ಕೆ ಬೆರಳು ತೋರಿಸಿ ‘ದಿಸ್ ಒನ್’ ಎಂದಳು. ಒಂದು ಮಧ್ಯಾಹ್ನ ತಾನಾಗಿಯೇ, “ಆಡು ಸಿಗವಲ್ದು, ಅದಕ್ಕ ಮೀನಾ ಅಳಾಕತ್ತಾಳ. ಆಡೂ ಎಲ್ಲೋ ಕುಂತು ಅಳತಿರಬೇಕವ್ವಾ,” ಎಂದಳು. ಪುಸ್ತಕದಲ್ಲಿ ಇಲ್ಲದ ಮಾತು ಅದು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಒಂದು ದಿನ ಇವರು ಬೇಗ ಬಂದರು. ಬಾಗಿಲಲ್ಲಿ ಬೀಗದಕೈ ತಿರುಗಿತು. ಅವಳು ಅರ್ಧ ಮಾತಿಗೆ ನಿಲ್ಲಿಸಿ, ಪುಸ್ತಕ ಮುಚ್ಚಿ, ಕೈಕಟ್ಟಿ ಕೂತಳು. “ವಾಟ್ ಡೂಯಿಂಗ್?” ಎಂದರು ಇವರು. “ಹೋಮ್‌ವರ್ಕ್ ಡ್ಯಾಡಿ,” ಎಂದಳು. ಮುಚ್ಚಿಡು ಎಂದು ನಾನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಮಾತಿನ ಜೊತೆಗೆ ಅದನ್ನೂ ಕಲಿತಿದ್ದಳು.

ಪರೀಕ್ಷೆ ನಿನ್ನೆ ಆಯಿತು. ಕಾರಿನಡಿ ಅಡಗಿದ ಬೆಕ್ಕಿನ ಕಥೆ ಕೊಟ್ಟಿದ್ದರಂತೆ. ಬೆಕ್ಕು ಯಾಕೆ ಹೊರಗೆ ಬರಲಿಲ್ಲ ಎಂದು ಕೇಳಿದ್ದಕ್ಕೆ, “ಕ್ಯಾಟ್ ಅಫ್ರೇಡ್. ಕಾರ್ ವಿಲ್ ಗೋ, ದೆನ್ ನೋ ಹೋಮ್,” ಎಂದಳಂತೆ. ಟೀಚರ್ ನನಗೆ ಫೋನ್ ಮಾಡಿ, “ಪಾಸಾಯ್ತು ಮಾರಾಯ್ರೆ,” ಎಂದರು.

ರಾತ್ರಿ ಸಿಂಚನಾ ಮಲಗಿದ ಮೇಲೆ ಪೂವಪ್ಪನವರು ಬಂದಾಗ ಇವರು ಎದೆಯುಬ್ಬಿಸಿ, “ನೋಡ್ರೀ, ಮನ್ಯಾಗ ಇಂಗ್ಲಿಷ್ ಒಂದ ಇಟ್ಟಿದ್ದಕ್ಕ ಆಯ್ತು. ನಿಮ್ಮ ಹುಡುಗಗೂ ಹಂಗ ಮಾಡ್ರಿ,” ಎಂದರು. ಚಹಾದ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಕಪ್ಪುಗಳನ್ನು ಅವರ ಮುಂದಿಟ್ಟು ಒಳಗೆ ಬಂದೆ. ಅವರು ಹೋದ ಮೇಲೆ ಇನ್ನೊಂದು ತೀರ್ಮಾನವೂ ಹೊರಬಿತ್ತು. ಈ ಬೇಸಿಗೆಗೆ ಊರು ಬೇಡವಂತೆ, ಅಲ್ಲಿಗೆ ಹೋದರೆ ಇಲ್ಲಿ ಕಲಿತದ್ದೆಲ್ಲ ಹಾಳಾಗುತ್ತದಂತೆ. ನನಗೆ ಮೈಯೆಲ್ಲ ಉರಿಯುತ್ತಿದೆ. ಇವತ್ತು ಇವರು ಬಂದೊಡನೆ ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ಹೆದರಿಕೆಯೂ ಇದೆ. ಮಗಳೊಂದಿಗೆ ಮಾತಾಡಲು ಸಿಗುತ್ತಿರುವ ಆ ಮಧ್ಯಾಹ್ನವೂ ಹೋದರೆ ನಾನು ಈ ಮನೆಯಲ್ಲಿ ಬರೀ ಅಡುಗೆಯವಳು.

ಮಾವನವರಿಗೂ ಅವ್ವನಿಗೂ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ದೇವರು ಆಯುಷ್ಯ, ಆರೋಗ್ಯ ಕೊಡಲಿ, ಬಾಯಿ ತುಂಬ ಮಾತು ಕೊಡಲಿ. ನಿನ್ನ ಆಶೀರ್ವಾದ ನನ್ನ ಮೇಲೂ ಇರಲಿ.

ನಿನ್ನ ತಂಗಿ,
ಶುಭಾ

ಮರೆತ ಮಾತು: ಮರೆತದ್ದಲ್ಲ, ಈಗ ಸಂಜೆ ನಡೆದದ್ದು. ಇವರು ಬಂದು ಹೊರಗೆ ಟಿವಿ ಹಚ್ಚಿ ಕೂತಿದ್ದರು. ಹೇಗೆ ಶುರು ಮಾಡಲಿ ಎಂದು ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಸಿಂಚನಾ ಹತ್ತಿರ ಬಂದು ಕೂತು, ಪಿಸುಗುಟ್ಟಿದೆನೆಂದುಕೊಂಡು ಗಟ್ಟಿಯಾಗಿಯೇ ಕೇಳಿದಳು: “ಅವ್ವಾ, ಡ್ಯಾಡಿಗೆ ಕನ್ನಡ ಬರಂಗಿಲ್ಲೇನ? ಪಾಪ, ನಾವ ಕಲಸೋಣೇನ?” ಹೊರಗೆ ಟಿವಿ ನಿಂತಿತು. ಇವರು ಬಾಗಿಲಿಗೆ ಬಂದು, “ಸಿಂಚೂ, ಬಾರವ್ವಾ ಇಲ್ಲಿ,” ಎಂದರು. ಅವಳು ಥಟ್ಟನೆ ಎದ್ದು, ಕೈಕಟ್ಟಿ ನಿಂತು, “ಯೆಸ್ ಡ್ಯಾಡಿ,” ಎಂದಳು.