ಜೋಯೆಲ್ ಹೇಳಿದ್ದ

ಕ್ಲಬ್ ಅಧ್ಯಕ್ಷ ಎದ್ಮೋಂಗೆ,

ನನ್ನ ಹೆಸರಲ್ಲಿ ನೀನು ಬರೆಸಿ ಕಳಿಸಿದ ಹೇಳಿಕೆಗೆ ಸಹಿ ಹಾಕದೆ ವಾಪಸು ಕಳಿಸಿದ್ದೇನೆ. ಕತ್ತು ನೋವೆಂದು ಜೋಯೆಲ್ ಯಾರಿಗೂ ಹೇಳಲಿಲ್ಲ ಅಂತ ಬರೆಸಿದ್ದೀಯಲ್ಲ, ಅದು ಶುದ್ಧ ಸುಳ್ಳು. ಭಾನುವಾರದ ರಗ್ಬಿ ಪಂದ್ಯದಲ್ಲಿ ವಿರಾಮದ ಹೊತ್ತಿಗೆ ನನ್ನ ಹತ್ತಿರವೇ ಬಂದಿದ್ದ.

"ಕೋಚ್, ಕತ್ತು ಹಿಡ್ಕೊಂಡಿದೆ, ಎಡಗೈ ಜುಮ್ ಅಂತಿದೆ. ಸ್ಕ್ರಮ್‌ಗೆ ಬೇರೆಯವ್ರನ್ನ ಹಾಕಿ."

"ಫ್ರಾನ್ಸ್ ಪರ ಆಡ್ದಾಗ ಪಕ್ಕೆಲುಬು ಮುರಿದ್ರೂ ವೇಲ್ಸ್‌ನೋರ ಮುಂದೆ ಕೊನೇ ಸೀಟಿವರೆಗೂ ನಿಂತಿದ್ದೆ ಕಣೋ! ನಿಂದೇನು ಜುಮ್ಮು? ಹೋಗಿ ಅಮ್ಮನ ಹತ್ರ ಎಣ್ಣೆ ಉಜ್ಜಿಸ್ಕೋ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕು ಮೈದಾನಕ್ಕಿಳಿದ. ಎರಡೂ ತಂಡದವರು ತಲೆ ತಗ್ಗಿಸಿ ಭುಜ ಕೊಟ್ಟು ತಳ್ಳುತ್ತಿದ್ದಾಗ ಎರಡನೇ ಸ್ಕ್ರಮ್ ಕುಸಿದು ಅಷ್ಟೂ ಜನ ಅವನ ಮೇಲೆ ಬಿದ್ದರು. ಈಗ ಕತ್ತಿನಿಂದ ಕೆಳಗೆ ಏನೂ ಅಲುಗಾಡುವುದಿಲ್ಲ.

ಆ ವೇಲ್ಸ್ ಪಂದ್ಯ ನೋಡಲು ನೀನೂ ಬಂದಿದ್ದೆ. ಅರ್ಧಕ್ಕೇ ನಾನು ನೋವೆಂದು ಕೈಯೆತ್ತಿ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡವನು. ಇಪ್ಪತ್ತು ವರ್ಷ ಆ ಸುಳ್ಳು ಹೇಳಿಕೊಂಡೇ ಈ ಊರಿನ ಹುಡುಗರಿಗೆ ರಗ್ಬಿ ಕಲಿಸಿದೆ. ನೀನು ಒಂದು ಸಲವೂ ಬಾಯಿ ಬಿಡಲಿಲ್ಲ.

ನಾಳೆ ಆಸ್ಪತ್ರೆಗೆ ಹೋಗಿ ಅವನಿಗೂ ಅವನ ತಾಯಿಗೂ ಇದನ್ನು ಹೇಳುತ್ತೇನೆ. ಒಬ್ಬನೇ ಹೊರಟರೆ ಅರ್ಧ ದಾರಿಯಿಂದ ತಿರುಗಿ ಬಂದುಬಿಡುತ್ತೇನೆ. ಬೆಳಗ್ಗೆ ಎಂಟಕ್ಕೆ ಕಾರು ತಗೊಂಡು ಬಾ. ದಾರಿಯಲ್ಲಿ ಮಾತಾಡಬೇಡ. ಒಳಗೆ ಬಂದು ನನ್ನ ಪಕ್ಕ ನಿಲ್ಲು.

ಇನ್ನು ಮುಂದೆ ನಿನ್ನ ಕ್ಲಬ್ಬಿನ ಕೋಚ್ ಅಲ್ಲದ
ಫಿರ್ಮಾಂ