ನೆಲಮಾಳಿಗೆಯ ಟೊಮೆಟೊ ಮತ್ತು ಒಂದು ದೇಶದ ಆಯುಷ್ಯ

ದೇಶಗಳಿಗೆ ಆಯುಷ್ಯ ಹೇಳುವ ನಾರ್ತ್ ಸಿಡ್ನಿ ಕಚೇರಿಯ ಮುಖ್ಯಸ್ಥರೇ,

ನೀವು ಕೊಟ್ಟ ಅಂಕದಿಂದಾಗಿ ನನ್ನ ಪಕ್ಕದ ಮನೆಯ ಹುಡುಗಿ ಮುಂದಿನ ತಿಂಗಳು ತಾಯಿ ಹತ್ತಿರವಿಲ್ಲದೆ ಹೆರಬೇಕಾಗಿದೆ. ಕ್ಷೇಮಸಮಾಚಾರ ಕೇಳುವ ತಾಳ್ಮೆ ಇಲ್ಲದ್ದರಿಂದ ಮೊದಲೇ ಹೇಳಿಬಿಟ್ಟೆ.

ಲ್ಯುಡ್ಮಿಲಾ ಮಾಲ್ಡೋವಾದವಳು. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಗಂಡ ಡ್ಯಾಂಡಿನಾಂಗ್‌ನ ಗೋದಾಮಿನಿಂದ ಲಾರಿ ಹೊರಡಿಸಿದನೆಂದರೆ ಮೂರ್ನಾಲ್ಕು ದಿನ ಮನೆ ಕಡೆ ಬರುವುದಿಲ್ಲ. ಚೊಚ್ಚಲ ಹೆರಿಗೆ, ತಾಯಿ ವಲೆಂಟೀನಾ ಬಂದಿರಲಿ ಎಂದು ವಿಸಿಟರ್ ವೀಸಾ ಕೇಳಿದರು. ಸಿಗಲಿಲ್ಲ. ಅವರ ದೇಶದ ಭವಿಷ್ಯವೇ ಅನಿಶ್ಚಿತವಂತೆ, ಬಂದವರು ಮರಳಿ ಹೋಗುವ ಭರವಸೆ ಇಲ್ಲವಂತೆ. ಇದಕ್ಕೆ ಆಧಾರ, ಕಮ್ಯುನಿಸಂ ಕಳಚಿಕೊಂಡ ದೇಶಗಳು ಇನ್ನೆಷ್ಟು ಕಾಲ ಬಾಳುತ್ತವೆ ಎಂದು ವರ್ಷ ವರ್ಷ ನೀವು ಹೊರಡಿಸುವ ಸೂಚ್ಯಂಕ.

ಆ ಸೂಚ್ಯಂಕವನ್ನು ವಿವರಿಸಲು ನೀವೇ ಮೆಲ್ಬರ್ನ್‌ಗೆ ಬಂದಿದ್ದಿರಿ. ಅದೇನೆಂದು ತಿಳಿಯಲು ನಾನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಚುನಾವಣೆ, ನ್ಯಾಯಾಲಯ, ವಲಸೆ ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಗಾಜಿನ ಜಾಡಿಗಳ ಚಿತ್ರ ಬಂತು. ಚಳಿಗಾಲಕ್ಕೆಂದು ಮನೆಯಲ್ಲೇ ಆಹಾರ ಕೂಡಿಡುವವರು ಹೆಚ್ಚಿದ್ದಷ್ಟೂ ಆ ದೇಶದ ಅಂಕ ಇಳಿಯುತ್ತದೆ ಎಂದಿರಿ. ಟೀ ಹೊತ್ತಿನಲ್ಲಿ ನಿಮ್ಮ ಕಚೇರಿಯ ಯತೀಶ್ ಸಿಕ್ಕ. ದಾವಣಗೆರೆಯ ಹುಡುಗ, ವಿನಯವಂತ.

“ಅದು ಟ್ರಸ್ಟ್ ಇಂಡಿಕೇಟರ್ ಆಂಟಿ,” ಎಂದ. “ನಾಳೆ ಅಂಗಡೀಲಿ ಊಟ ಸಿಗುತ್ತೆ ಅಂತ ನಂಬಿಕೆ ಇದ್ರೆ ಯಾರು ಜಾಡಿಗಟ್ಟಲೆ ಟೊಮೆಟೊ ಸ್ಟಾಕ್ ಮಾಡ್ತಾರೆ?”

“ನಿಮ್ಮನೇಲಿ ಉಪ್ಪಿನಕಾಯಿ ಹಾಕಲ್ವೇನಪ್ಪ?”

“ಹಾಕ್ತಾರೆ. ಅದು ನಮ್ ಕಲ್ಚರ್ ಅಲ್ವಾ.”

ನನ್ನ ಅತ್ತೆ ಚನ್ನಕ್ಕ ಧಾರವಾಡದಿಂದ ಬಂದಿರುವುದು ವಲೆಂಟೀನಾಗೆ ಸಿಗದ ಅದೇ ಬಗೆಯ ವೀಸಾದಲ್ಲಿ. ಬಂದವರೇ ಡ್ಯಾಂಡಿನಾಂಗ್ ಮಾರ್ಕೆಟ್ಟಿನಿಂದ ಮಾವಿನಕಾಯಿ ತರಿಸಿ ನಮ್ಮ ಗ್ಯಾರೇಜಿನಲ್ಲಿ ಜಾಡಿಗಳನ್ನು ಸಾಲಾಗಿ ಕೂರಿಸಿದ್ದಾರೆ. ಭಾರತ ಸರ್ಕಾರದ ಮೇಲಿನ ಅಪನಂಬಿಕೆಯಿಂದಲೋ, ಆಸ್ಟ್ರೇಲಿಯಾ ಸರ್ಕಾರದ ಮೇಲಿನ ಅಪನಂಬಿಕೆಯಿಂದಲೋ, ದಯವಿಟ್ಟು ನೀವೇ ತಿಳಿಸಿ. ನಾವು ಮಾಡಿದರೆ ಸಂಸ್ಕೃತಿ, ವಲೆಂಟೀನಾ ಮಾಡಿದರೆ ದೇಶದ ಕುಸಿತ ಎನ್ನುವ ಈ ಲೆಕ್ಕ ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ?

ಮಾಲ್ಡೋವಾ ಸ್ವರ್ಗವೆಂದು ನಾನು ವಾದಿಸುತ್ತಿಲ್ಲ. ಲ್ಯುಡ್ಮಿಲಾಳ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ, ಗಡಿಯಾಚೆ ಯುದ್ಧ, ಅವಳಿಗೂ ಹೆದರಿಕೆಯಿದೆ. ಆದರೆ ನಿಮ್ಮ ಹಳೆಯ ವರದಿಗಳನ್ನು ತೆಗೆದು ಓದಿದೆ. ಮೊದಲನೆಯದರಲ್ಲಿ ಈ ದೇಶ ಇನ್ನು ಹತ್ತು ವರ್ಷ ಬಾಳುವುದು ಕಷ್ಟ ಎಂದಿದ್ದೀರಿ. ಹತ್ತು ವರ್ಷ ಕಳೆಯಿತು, ಮತ್ತೆ ಅದೇ ಮಾತು. ಈ ವರ್ಷವೂ ಅದೇ. ದೇಶ ಕುಂಟುತ್ತಲೇ ನಡೆದು ಬಂದಿದೆ, ಮಕ್ಕಳು ಶಾಲೆಗೆ ಹೋಗಿ ದೊಡ್ಡವರಾಗಿದ್ದಾರೆ, ಅವರಲ್ಲೊಬ್ಬಳು ನನ್ನ ಪಕ್ಕದ ಮನೆಯಲ್ಲಿದ್ದಾಳೆ. ಪ್ರತಿ ಸಲವೂ ಬಿದ್ದುಹೋಗಿದ್ದು ನಿಮ್ಮ ಅಂದಾಜು. ಹಾಗಿದ್ದೂ ಅದರ ಬಾಳಿಕೆಯ ಬಗ್ಗೆ ಯಾರೂ ವರದಿ ಬರೆದ ಹಾಗಿಲ್ಲ.

ವೀಸಾ ಇಲ್ಲವೆಂದು ತಿಳಿದ ದಿನ ವಿಡಿಯೊ ಕಾಲ್‌ನಲ್ಲಿ ನಾನೂ ಇದ್ದೆ. ವಲೆಂಟೀನಾ ಫೋನ್ ಹಿಡಿದು ನೆಲಮಾಳಿಗೆಗೆ ಇಳಿದು ಖಾಲಿ ಜಾಡಿಗಳನ್ನು ತೋರಿಸಿದರು. ಏನೋ ಜೋರಾಗಿ ಹೇಳಿದರು. ಲ್ಯುಡ್ಮಿಲಾ ಅಳುತ್ತಲೇ ನಕ್ಕಳು. “ಆಗಸ್ಟಿನಲ್ಲಿ ಟೊಮೆಟೊ ಹಣ್ಣಾಗುತ್ತೆ, ಇವನ್ನೆಲ್ಲ ತುಂಬೋದು ಯಾರು, ನಾನು ಅಲ್ಲೇ ಕೂತ್ಕೊಳ್ತೀನಿ ಅಂತ ಅವರಿಗೆ ಯಾರು ಹೇಳಿದ್ದು ಅಂತ ಕೇಳ್ತಿದಾಳೆ,” ಎಂದು ಇಂಗ್ಲಿಷಿನಲ್ಲಿ ನನಗೆ ತಿಳಿಸಿದಳು.

ನೋಡಿ ಸ್ವಾಮಿ. ಅವರು ಮರಳಿ ಹೋಗುವುದಕ್ಕೆ ಇದ್ದ ಗಟ್ಟಿ ಕಾರಣವನ್ನೇ ನೀವು ಮರಳುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೀರಿ. ನನಗೆ ಸಿಟ್ಟು ಬಂದಿದೆ, ಸಂಕಟವೂ ಆಗಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಜಾಡಿಗಳನ್ನು ನಿಮ್ಮ ಸೂಚ್ಯಂಕದಿಂದ ಕಿತ್ತುಹಾಕಿ, ಮಾಲ್ಡೋವಾದ ಅಂಕ ತಿದ್ದಿ, ವೀಸಾ ಕೊಡುವವರಿಗೆ ಈ ವಾರವೇ ತಿಳಿಸಿ. ಮುಂದಿನ ವರ್ಷದ ಆವೃತ್ತಿಯಲ್ಲಿ ನೋಡೋಣ ಎನ್ನಬೇಡಿ, ಕೂಸು ಅಲ್ಲಿಯವರೆಗೆ ಕಾಯುವುದಿಲ್ಲ.

ಅತ್ತೆ ಆಗಲೇ ಬಾಣಂತಿಗೆಂದು ಅಂಟಿನುಂಡೆ ಕಟ್ಟುತ್ತಿದ್ದಾರೆ. “ಆಕಿ ಅವ್ವ ಬರೂತನಾ ನಾ ಅದೀನಿ ಅಂತ ಹೇಳವಾ ಆಕಿಗೆ,” ಎಂದರು. ಹೇಳಿದೆ. ಲ್ಯುಡ್ಮಿಲಾ ಅವರ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿ, “ಇವರಿಗೆ ಹೇಗೆ ವೀಸಾ ಸಿಕ್ಕಿತು?” ಎಂದು ಕೇಳಿದಳು. ಉತ್ತರ ನಿಮಗೆ ಗೊತ್ತಿದ್ದರೆ ಬೇಲಿಯಾಚೆ ಹೋಗಿ ನೀವೇ ಹೇಳಿ.

ಇಂತಿ,
ಗ್ಯಾರೇಜಿನ ತುಂಬ ಉಪ್ಪಿನಕಾಯಿ ಇದ್ದೂ ಯಾರಿಂದಲೂ ಅಂಕ ಕಳೆದುಕೊಳ್ಳದ,
ಸಂಧ್ಯಾರಾಣಿ
ಪಾಯಿಂಟ್ ಕುಕ್, ಮೆಲ್ಬರ್ನ್