ಹನ್ನೆರಡು ವೋಲ್ಟಿನ ಕೂಲರ್

ಮಾವನವರಿಗೆ, ನಿಮ್ಮ ಸೊಸೆ ಸುಮಾಳ ನಮಸ್ಕಾರ.

ನಾಗಪುರದಲ್ಲಿ ಮತ್ತೆ ಮೇ ತಿಂಗಳು. ಓಣಿಯ ಎಲ್ಲ ಕಿಟಕಿಗಳಿಗೂ ಕೂಲರ್ ಏರಿದೆ, ನಮ್ಮದೊಂದನ್ನು ಬಿಟ್ಟು. ನೀವು ಹೋದ ಮೇಲೆ ಅತ್ತೆ ಆ ವಸ್ತುವನ್ನು ಮನೆಗೆ ಸೇರಿಸಿಲ್ಲ. ಎಂಟು ವರ್ಷದಿಂದ ನಿಮಗೊಂದು ಮಾತು ಹೇಳುವುದಿದೆ, ಮಾವ. ಹೇಗೆ ಶುರು ಮಾಡಲಿ?

ಹಿಂದಿನ ಓಣಿಯ ಮಗುವೊಂದು ಒದ್ದೆ ಕೂಲರ್ ಮುಟ್ಟಿ ಶಾಕ್ ಹೊಡೆದು ಸತ್ತ ದಿನ ನೀವು ಅರ್ಧ ಊಟಕ್ಕೇ ಎದ್ದಿರಿ. ಮರುದಿನವೇ ಅಟ್ಟದಿಂದ ಹಳೆಯ ಟಿ.ವಿ. ಸ್ಟೆಬಿಲೈಸರ್ ಇಳಿಸಿ, ಅದರ ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತತೊಡಗಿದಿರಿ. ಇನ್ನೂರಮೂವತ್ತು ವೋಲ್ಟ್ ಮನೆಯೊಳಗಿನ ಕಪಾಟಿನಲ್ಲೇ ನಿಲ್ಲಬೇಕು, ಹೊರಗಿನ ಕೂಲರಿಗೆ ಹೋಗುವುದು ಬರೀ ಹನ್ನೆರಡು. ಫ್ಯಾನು ಗುಜರಿಯಿಂದ ತಂದ ಕಾರಿನದು. ವಾಯುಪಡೆಯಲ್ಲಿ ವಿಮಾನಗಳಿಗೇ ತಂತಿ ಎಳೆದವರಿಗೆ ಇದೇನು ಮಹಾ?

ಕೆಲಸ ಮುಗಿದ ದಿನ ಅತ್ತೆಯನ್ನೂ ನನ್ನನ್ನೂ ಕರೆದು, ಓಡುತ್ತಿದ್ದ ಕೂಲರಿನ ತಗಡಿನ ಮೇಲೆ ಒದ್ದೆ ಕೈ ಇಡಿಸಿದಿರಿ. "ಇನ್ನ ಹಸಿ ಕೈಲೆ ಮುಟ್ರಿ, ನೀರು ತುಂಬ್ರಿ. ಬಂದ್ ಮಾಡೂದೂ ಬ್ಯಾಡ," ಎಂದಿರಿ. ಅಂದಿನಿಂದ ನೀವು ಪ್ಲಗ್ ಕೀಳದೆಯೇ ಪೈಪು ಹಿಡಿದು ನೀರು ತುಂಬುತ್ತಿದ್ದಿರಿ. ನಿಮ್ಮ ಕೈಕೆಲಸದ ಮೇಲೆ ನಿಮಗೆ ಅಷ್ಟು ನಂಬಿಕೆ.

ಆದರೆ ಗಾಳಿ ಸಾಲುತ್ತಿರಲಿಲ್ಲ, ಮಾವ. ನಿಮ್ಮೆದುರು ಹಾಗೆನ್ನುವ ಧೈರ್ಯ ಯಾರಿಗಿತ್ತು? ಐದು ತಿಂಗಳ ಕೂಸು ಮೈತುಂಬ ಬೆವರುಗುಳ್ಳೆ ಎದ್ದು ಹಗಲೆಲ್ಲ ಚೀರುತ್ತಿತ್ತು. ನೀವೂ ಅತ್ತೆಯೂ ಸಾವನೇರಿಗೆ ಮದುವೆಗೆ ಹೋದಿರಿ. ನಿಮ್ಮ ಮಗ ಟೂರಿನಲ್ಲಿದ್ದರು. ನಾನು ಧರಮಪೇಠದ ಒಬ್ಬ ಮೆಕ್ಯಾನಿಕನನ್ನು ಕರೆಸಿ, ನೀವು ಕೂಲರಿನಿಂದ ಬಿಚ್ಚಿಟ್ಟಿದ್ದ ಇನ್ನೂರಮೂವತ್ತು ವೋಲ್ಟಿನ ಹಳೆಯ ಮೋಟಾರನ್ನೇ ಕೂರಿಸಿ, ನೇರ ಪ್ಲಗ್ಗಿಗೆ ಕೊಡಿಸಿಬಿಟ್ಟೆ. ಕೂಸು ಮೂರು ತಾಸು ನಿದ್ದೆ ಮಾಡಿತು.

ನೀವು ಬಂದ ಕೂಡಲೇ ಹೇಳಿದರೆ ನಿಮ್ಮ ಮುಖ ಸಪ್ಪಗಾಗುತ್ತದೆ, ಚಹಾ ಕೊಟ್ಟು ಮೆಲ್ಲಗೆ ಹೇಳೋಣ ಎಂದುಕೊಂಡೆ. ನೀವು ಚೀಲ ಇಟ್ಟವರೇ ಹಿತ್ತಲಿಗೆ ಹೋದಿರಿ. ಚಹಾ ಕುದಿಯುತ್ತಿತ್ತು. ಪೈಪಿನ ನೀರಿನ ಸದ್ದು ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ...

ಎಲ್ಲರೂ ನಿಮ್ಮನ್ನೇ ದೂರಿದರು. ಮದುವೆಗೆ ಹೋಗುವ ಮುಂಚೆ ನೀವೇ ಬಿಚ್ಚಿ ಮತ್ತೇನೋ ಜೋಡಿಸಿರಬೇಕು ಎಂದುಕೊಂಡರು. 'ಮಾಡಿದ್ದುಣ್ಣೋ ಮಹಾರಾಯ' ಎಂದು ನೆಂಟರು ಪಿಸುಗುಟ್ಟಿದ್ದೂ ನನ್ನ ಕಿವಿಗೆ ಬಿತ್ತು. ಅತ್ತೆ ಇಕ್ಕಳ, ತಂತಿಗಳಿದ್ದ ನಿಮ್ಮ ಹತ್ಯಾರಿನ ಪೆಟ್ಟಿಗೆಯನ್ನು ಗುಜರಿಗೆ ಹಾಕಿದರು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಬರೀ ಬೈದರು. ನಾನು ಬಾಯಿ ಬಿಡಲಿಲ್ಲ. ಆ ಮೆಕ್ಯಾನಿಕನೂ ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿದೆಯೇ, ಮಾವ?

ನಿನ್ನೆ ನಿಮ್ಮ ಮೊಮ್ಮಗಳು ಶಾಲೆಯವರು ರಜೆಗೆ ಕೊಟ್ಟ ಪಾಠಕ್ಕೆಂದು ಟಾರ್ಚಿನ ಸೆಲ್ಲಿಗೆ ಪುಟ್ಟ ಬಲ್ಬು ಹಚ್ಚಿಕೊಂಡು ಕೂತಿದ್ದಳು. ಅತ್ತೆ ಅದನ್ನು ಕಿತ್ತುಕೊಂಡು, "ನಿಮ್ಮಜ್ಜ ತನ್ನ ಕೈಯಾರೆ ಸತ್ತ. ನಿನಗೂ ಅದ ಬೇಕೇನು?" ಎಂದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಅತ್ತೆ ಕಿತ್ತುಕೊಂಡಿದ್ದ ಬಲ್ಬನ್ನು ಮೊಮ್ಮಗಳ ಕೈಗೆ ಮರಳಿ ಕೊಟ್ಟರು. ಆಮೇಲೆ, "ಎಂಟು ವರ್ಷ ನಾ ಅವರನ್ನ ಬೈಕೋತ ಬಂದೆ. ನೀ ಬಾಜೂಕ ಕುಂತು ಕೇಳ್ದಿ," ಎಂದರು. ಅಷ್ಟೇ. ಆಗಿನಿಂದ ನನ್ನ ಕೈಯ ನೀರನ್ನೂ ಮುಟ್ಟಿಲ್ಲ.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಇದೊಂದು ಮಾತ್ರ ನಿಮಗೆ ಗೊತ್ತಾಗಲಿ: ಇವತ್ತು ಬೆಳಿಗ್ಗೆ ಅತ್ತೆ ನಿಮ್ಮ ಫೋಟೋದ ಮುಂದೆ ಕೂತರು. ಬೈಯಲಿಲ್ಲ. ನಿಮಗಾಗಿ ಮೊದಲ ಸಲ ಅತ್ತರು.